ಮೆಕ್‌ಲೀನ್ ಕೌಂಟಿಯ ಜೋಳಕ್ಕೆ ಸರ್ಕಾರದ ದುಡ್ಡು: ಉಳೋನಿಗಾ, ಹೊಲದ ಒಡೆಯನಿಗಾ?

ನಾರ್ಮಲ್ ಗೌಡ · ಶನಿವಾರ ರಾತ್ರಿ 9:40

ನಾನಿರೋದು ಅಮೆರಿಕದ ಇಲಿನಾಯ್ ರಾಜ್ಯದ ಮೆಕ್‌ಲೀನ್ ಕೌಂಟಿಯಲ್ಲಿ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಥರ. ಊರ ಹೆಸರು ನಾರ್ಮಲ್. ನಗೋರು ಈಗಲೇ ನಕ್ಕುಬಿಡಿ. ಪಕ್ಕದ ಬ್ಲೂಮಿಂಗ್ಟನ್ ಸೇರಿದ್ರೆ ಅವಳಿ ಊರು. ಇನ್ಶೂರೆನ್ಸ್ ಕಂಪನಿಗಳ ಕಂಪ್ಯೂಟರ್ ಕೆಲಸಕ್ಕೆ ಅಂತ ಬಂದ ನಮ್ಮೋರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಊರು ದಾಟಿದ್ರೆ ಕಣ್ಣು ಹರಿದಷ್ಟೂ ಮುಸುಕಿನ ಜೋಳ, ಸೋಯಾ. ಅಮೆರಿಕದಲ್ಲೇ ಅತಿ ಹೆಚ್ಚು ಜೋಳ ಬೆಳೆಯೋ ಕೌಂಟಿಗಳ ಸಾಲಲ್ಲಿ ಇದು ಮುಂದೆ ನಿಲ್ಲುತ್ತೆ.

ನಮ್ಮ ಬಡಾವಣೆ ಮುಗಿಯೋ ಕಡೆ ಒಬ್ಬ ರೈತನ ಹೊಲ ಶುರು. ಮಕ್ಕಳು ಒಂದೇ ಶಾಲೆ, ಹಂಗಾಗಿ ಪರಿಚಯ. 1,800 ಎಕರೆ ಉಳ್ತಾನೆ. (ಮಂಡ್ಯದಲ್ಲಿ ನಮ್ಮಪ್ಪಂದು 2 ಎಕರೆ 10 ಗುಂಟೆ, ಅದರಲ್ಲೂ ಚಿಕ್ಕಪ್ಪನ ತಕರಾರು.) ಕೌಂಟಿಯಲ್ಲಿ ಯಾರಿಗೆ ಎಷ್ಟು ಸಬ್ಸಿಡಿ ಬಂತು ಅನ್ನೋ ಲೆಕ್ಕ 1995ರಿಂದ ಈಚೆಗೆ ಹೆಸರು ಸಮೇತ ನೋಡೋಕೆ ಸಿಗುತ್ತೆ. ನೋಡಿದೆ. ಇವನ ಹೆಸರೂ ಇತ್ತು, ಎಲ್ಲಾ ವರ್ಷದ್ದೂ ಕೂಡಿದ್ರೆ ಡಾಲರಲ್ಲಿ ಆರಂಕಿ. ನನ್ನ ಬಾಯಿ ಸುಮ್ನಿರಬೇಕಲ್ಲ, ಕೇಳೇಬಿಟ್ಟೆ. ಮುಖ ಸಿಂಡರಿಸಿ, "ಅದರಲ್ಲಿ ನನ್ನ ಕೈಲಿ ಉಳಿದದ್ದೆಷ್ಟು ಅಂತಲೂ ಬರೆದವ್ರಾ?" ಅಂದ. ಆಮೇಲೆ ಮಾತೇ ಬೆಳೀಲಿಲ್ಲ.

ನಾನೇನಾದ್ರೂ ತಪ್ಪು ಕೇಳಿದ್ನಾ? ಈ ದುಡ್ಡು ಹೆಂಗೆ ಬರುತ್ತೆ, ಎಲ್ಲಿಗೆ ಹೋಗುತ್ತೆ ಗೊತ್ತಿರೋರು ಹೇಳಿ.

ಗೋವಿನಜೋಳ ಹಾವೇರಿ · ಭಾನುವಾರ ಬೆಳಿಗ್ಗೆ 7:05

ಮೊದ್ಲ ಹೆಸರು ಸರಿ ಮಾಡ್ಕೊಳ್ರಿ ಗೌಡ್ರ, ಅದು ಗೋವಿನಜೋಳ. ಜೋಳ ಅಂದ್ರ ರೊಟ್ಟಿ ಮಾಡೋದು.

ತಪ್ಪು ಕೇಳೀರಿ ಅಂತ ನನಗ ಅನ್ನಸ್ತದ. ನಮ್ಮೂರಾಗ ಯಾರರ ಬಂದು "ನಿಮಗ ವಿಮಾ ಎಷ್ಟು ಬಂತು" ಅಂತ ಕೇಳಿದ್ರ ನಾನೂ ಹಂಗ ಅಂತಿದ್ದೆ. ಬಂದಿದ್ದು ಎಲ್ಲಾರಿಗೂ ಕಾಣ್ತದ, ಹೋಗಿದ್ದು ಕಾಣೂದಿಲ್ಲ. ಅದಿರ್ಲಿ, ಎಕರೆಕ್ಕ ಎಷ್ಟು ಬೆಳೀತಾನ್ರಿ ಅಂವ?

ನಾರ್ಮಲ್ ಗೌಡ · ಭಾನುವಾರ ಬೆಳಿಗ್ಗೆ 7:30

ಒಳ್ಳೆ ವರ್ಷ 220 ಬುಷೆಲ್ ಅಂದಿದ್ದ. ಒಂದು ಬುಷೆಲ್ ಜೋಳ ಅಂದ್ರೆ 25.4 ಕೆ.ಜಿ. ನೀವೇ ಗುಣಿಸ್ಕೊಳ್ಳಿ.

ಗೋವಿನಜೋಳ ಹಾವೇರಿ · ಭಾನುವಾರ ಬೆಳಿಗ್ಗೆ 7:42

55 ಕ್ವಿಂಟಲ್!! ಎಕರೆಕ್ಕ! ಮಳಿ ನೆಚ್ಚಿಕೊಂಡು ನಾವು 20 ಕಂಡ್ರ ಊರಾಗ ಹೇಳ್ಕೊಂಡು ಅಡ್ಡಾಡ್ತೀವಿ. ಇಷ್ಟು ಬೆಳೆದವಂಗ ಸರ್ಕಾರ ಯಾಕ ರೊಕ್ಕಾ ಕೊಡಬೇಕ್ರಿ?

ಮಾರ್ಕೆಟ್ ಮಂಜ · ಭಾನುವಾರ ಬೆಳಿಗ್ಗೆ 10:15

ಕರೆಕ್ಟ್ ಪ್ರಶ್ನೆ. ಉತ್ತರ: ಕೊಡಬಾರದು. ನಾನು ಡಲ್ಲಾಸ್‌ನಲ್ಲಿ ಸಣ್ಣ ಇಡ್ಲಿ ಹೋಟೆಲ್ ಇಟ್ಟು ಎರಡು ವರ್ಷಕ್ಕೆ ಮುಚ್ಚಿದೆ. "ಈ ವರ್ಷ ಇಡ್ಲಿ ರೇಟ್ ಬಿದ್ದಿದೆ, ತಗೊಳ್ಳಿ ವ್ಯತ್ಯಾಸದ ದುಡ್ಡು" ಅಂತ ಯಾವ ಸರ್ಕಾರನೂ ಬರಲಿಲ್ಲ. ನಮ್ಮ ಟೆಕ್ಸಾಸ್ ಕಥೆ ಕೇಳಿ. ಹಿಂದೆ ಭತ್ತ ಬೆಳೀತಿದ್ದ ಜಮೀನು ಸೈಟಾಗಿ ಮನೆ ಕಟ್ಟಿದ ಮೇಲೂ, ಹಿತ್ತಿಲಲ್ಲಿ ಬರೀ ಹುಲ್ಲು ಬೆಳೆಸ್ಕೊಂಡಿದ್ದ ಮನೆಯವರಿಗೆ ಭತ್ತದ ಸಬ್ಸಿಡಿ ಹೋಗ್ತಿತ್ತು. 2006ರಲ್ಲಿ ವಾಷಿಂಗ್ಟನ್ ಪೋಸ್ಟ್ ಬರೆದು ಮಾನ ಕಳೀತು.

ಲೆಕ್ಕದ ಸರಸಿ · ಭಾನುವಾರ ಮಧ್ಯಾಹ್ನ 1:20

ಕೃಷಿ ಅರ್ಥಶಾಸ್ತ್ರ ಓದಿದ್ದು ಈ ಕೌಂಟಿಯ ಪಕ್ಕದಲ್ಲೇ, ಅರ್ಬಾನಾದಲ್ಲಿ. ಹಂಗಾಗಿ ಸ್ವಲ್ಪ ಉದ್ದ ಬರೀತೀನಿ, ಸಹಿಸ್ಕೊಳ್ಳಿ.

ಮಂಜ ಅವರೇ, ನೀವು ಹೇಳಿದ್ದು ನಿಜ, ಆದ್ರೆ ಆ ಯೋಜನೆ ಸತ್ತು ಹೋಗಿದೆ. ಬಿತ್ತಲಿ ಬಿಡಲಿ, ರೇಟು ಏರಲಿ ಇಳಿಯಲಿ, ಜಮೀನಿನ ದಾಖಲೆ ನೋಡಿ ಪ್ರತಿವರ್ಷ ಇಂತಿಷ್ಟು ಅಂತ ಕೊಡ್ತಿದ್ರು. ದೇಶಕ್ಕೆಲ್ಲ ವರ್ಷಕ್ಕೆ ಸುಮಾರು 500 ಕೋಟಿ ಡಾಲರ್. 2014ರ ಕೃಷಿ ಮಸೂದೆಯಲ್ಲಿ ಅದನ್ನ ನಿಲ್ಲಿಸಿದ್ರು. ಈಗ ಇರೋದು ಮುಖ್ಯವಾಗಿ ಎರಡು, ಆದಾಯ ಕುಸಿದ್ರೆ ಒಂದು, ಬೆಲೆ ಬಿದ್ರೆ ಇನ್ನೊಂದು: ಎಆರ್‌ಸಿ ಮತ್ತು ಪಿಎಲ್‌ಸಿ.

ಪಿಎಲ್‌ಸಿ ಸುಲಭ. ಸರ್ಕಾರ ಒಂದು ಆಧಾರ ಬೆಲೆ ಇಟ್ಟಿರುತ್ತೆ. ಜೋಳಕ್ಕೆ ಬುಷೆಲ್‌ಗೆ 3.70 ಡಾಲರ್, ಸೋಯಾಗೆ 8.40 ಇತ್ತು. ದೇಶದ ಸರಾಸರಿ ಮಾರುಕಟ್ಟೆ ಬೆಲೆ ಅದಕ್ಕಿಂತ ಕೆಳಗೆ ಬಿದ್ರೆ ವ್ಯತ್ಯಾಸ ಕೊಡುತ್ತೆ. ನಮ್ಮ ಬೆಂಬಲ ಬೆಲೆ ಥರ ಸರ್ಕಾರ ಕಾಳು ಕೊಳ್ಳಲ್ಲ, ಚೀಲ ಮುಟ್ಟಲ್ಲ, ಬರೀ ದುಡ್ಡು.

ಎಆರ್‌ಸಿ ಸ್ವಲ್ಪ ತಿರುವು. ಇಲ್ಲಿ ಲೆಕ್ಕಕ್ಕೆ ಬರೋದು ಗೌಡರ ಸ್ನೇಹಿತನ ಹೊಲ ಅಲ್ಲ, ಇಡೀ ಕೌಂಟಿಯ ಸರಾಸರಿ. ಕೌಂಟಿಯ ಐದು ವರ್ಷದ ಇಳುವರಿ ತಗೊಂಡು, ಅತಿ ಹೆಚ್ಚು ಅತಿ ಕಡಿಮೆ ಎರಡು ವರ್ಷ ಬಿಟ್ಟು, ಉಳಿದ ಮೂರರ ಸರಾಸರಿ. ಬೆಲೆಗೂ ಹಂಗೇ. ಗುಣಿಸಿದ್ರೆ ಎಕರೆಗೆ ಇಷ್ಟು ಆದಾಯ ಬರಬೇಕಿತ್ತು ಅನ್ನೋ ಅಂದಾಜು. ಅದರ 86% ಭರವಸೆ (2025ರ ಹೊಸ ಕಾಯಿದೆಗೆ ಮುಂಚಿನ ನಿಯಮ ಇದು). ಸುಮ್ನೆ ಒಂದು ಕಾಲ್ಪನಿಕ ಲೆಕ್ಕ ಹಾಕೋಣ. 210 ಬುಷೆಲ್, 4.50 ಡಾಲರ್, ಅಂದ್ರೆ 945. ಅದರ 86% ಸುಮಾರು 813. ಆ ವರ್ಷ ಕೌಂಟಿಯಲ್ಲಿ ಬಂದದ್ದು 200 ಬುಷೆಲ್, ಬೆಲೆ 3.70, ಅಂದ್ರೆ 740. ಖೋತಾ 73 ಡಾಲರ್. 945ರ 10% ಮೀರಿ ಕೊಡ್ತಿರಲಿಲ್ಲ, ಇಲ್ಲಿ ಮೀರಿಲ್ಲ. ಅದರಲ್ಲೂ 85% ಎಕರೆಗೆ ಮಾತ್ರ ಪಾವತಿ. ಕೊನೆಗೆ ಎಕರೆಗೆ ಸುಮಾರು 62 ಡಾಲರ್. ಅದೂ ಬರೋದು ಮುಂದಿನ ವರ್ಷದ ಅಕ್ಟೋಬರ್ ಕಳೆದ ಮೇಲೆ. ಆ ಬೆಳೆಯ ಸಾಲದ ಬಡ್ಡಿ ಅಷ್ಟರಲ್ಲಿ ಕಟ್ಟಿಯಾಗಿರುತ್ತೆ.

ಇನ್ನೊಂದು ಗಮ್ಮತ್ತಿದೆ. "ಎಕರೆ" ಅಂದ್ರೆ ಈ ವರ್ಷ ಬಿತ್ತಿದ ಎಕರೆ ಅಲ್ಲ, ಬೇಸ್ ಎಕರೆ. ಹಳೇ ದಾಖಲೆಯಲ್ಲಿ ಆ ಜಮೀನಿಗೆ ಅಂಟಿಕೊಂಡಿರೋ ಬೆಳೆ. 2014ರಲ್ಲಿ, 2009ರಿಂದ 12ರವರೆಗೆ ಏನು ಬಿತ್ತಿದ್ರು ನೋಡಿ, ಒಡೆಯರು ಬೇಕಾದ್ರೆ ಆ ಎಕರೆಗಳನ್ನ ಬೆಳೆಗಳ ನಡುವೆ ಮರುಹಂಚಿಕೆ ಮಾಡ್ಕೋಬಹುದಿತ್ತು. ಹಂಗಾಗಿ ದಾಖಲೆಯಲ್ಲಿ ಜೋಳ ಇರೋ ಹೊಲದಲ್ಲಿ ಈಗ ಸೋಯಾ ಹಾಕಿದ್ರೂ ಜೋಳದ ದುಡ್ಡು ಬರುತ್ತೆ.

ಗೋವಿನಜೋಳ ಹಾವೇರಿ · ಭಾನುವಾರ ಮಧ್ಯಾಹ್ನ 2:02

ಸರಸಿ ಅಕ್ಕಾರ, ಇದು ನಮ್ಮ ಪಹಣಿ ಕಥೀನ! ಹೊಲದಾಗ ಇರೋದೊಂದು, ಪಹಣಿಯೊಳಗ ಇರೋದೊಂದು. ಬೆಳೆ ಸಮೀಕ್ಷೆ ಆ್ಯಪ್ ಬಂದಮ್ಯಾಗ ಸ್ವಲ್ಪ ಸುಧಾರಿಸೇತಿ ಅನ್ನಬಹುದು.

ಆದ್ರ ಕೌಂಟಿ ಸರಾಸರಿ ಅಂದ್ರಲ್ಲ, ಅದು ಕೇಳಿ ಹೊಟ್ಟಿ ಉರೀತು. ಫಸಲ್ ಬಿಮಾದಾಗ ನಮಗೂ ಗ್ರಾಮ ಪಂಚಾಯ್ತಿ ಸರಾಸರಿ. ನಾಲ್ಕು ಹೊಲದಾಗ ಬೆಳೆ ಕಟಾವು ಪ್ರಯೋಗ ಮಾಡ್ತಾರ, ಅದ ಇಡೀ ಪಂಚಾಯ್ತಿ ಹಣೆಬರಹ. ಒಂದು ವರ್ಷ ನಮ್ಮ ಹೊಲ ಹಳ್ಳದ ದಂಡಿಗೆ ಇದ್ದದ್ದಕ್ಕ ನೀರು ನಿಂತು ಕೊಳೀತು. 72 ತಾಸಿನ ಒಳಗ ತಿಳಸ್ಬೇಕು ಅನ್ನೋದು ಯಾರಿಗೆ ಗೊತ್ತಿತ್ತು? ಪಂಚಾಯ್ತಿ ಸರಾಸರಿ ಚಲೋ ಬಂತು, ನನಗ ಸೊನ್ನೆ.

ನಾರ್ಮಲ್ ಗೌಡ · ಭಾನುವಾರ ಮಧ್ಯಾಹ್ನ 2:25

ಹಂಗಾದ್ರೆ ಇವನ ಹೊಲಕ್ಕೆ ಆಲಿಕಲ್ಲು ಬಿದ್ದು ಉಳಿದ ಕೌಂಟಿಯಲ್ಲಿ ಬಂಪರ್ ಬೆಳೆ ಬಂದ್ರೆ ಇವನಿಗೆ ಏನೂ ಇಲ್ವಾ?

ಲೆಕ್ಕದ ಸರಸಿ · ಭಾನುವಾರ ಮಧ್ಯಾಹ್ನ 2:50

ಎಆರ್‌ಸಿಯಿಂದ ಇಲ್ಲ. ಉಲ್ಟಾನೂ ನಡೆಯುತ್ತೆ: ಕೌಂಟಿ ಕೆಟ್ಟು ಇವನದ್ದೊಂದೇ ಚೆನ್ನಾಗಿ ಬಂದ್ರೂ ದುಡ್ಡು ಬರುತ್ತೆ. ಸ್ವಂತ ಹೊಲದ ನಷ್ಟಕ್ಕೆ ಬೆಳೆ ವಿಮೆ ಇದೆ. ಅದು ಇವನದೇ ಹಿಂದಿನ ಇಳುವರಿ ದಾಖಲೆ ಮೇಲೆ ನಿಂತಿರುತ್ತೆ, ಹಾವೇರಿ ಅಣ್ಣನಿಗೆ ಇಲ್ಲದ ಅನುಕೂಲ ಅದು. ಮಾರ್ಚ್ 15ರೊಳಗೆ ತಗೋಬೇಕು. ಫೆಬ್ರವರಿ ತಿಂಗಳು ಪೂರ್ತಿ ಶಿಕಾಗೋ ವಾಯಿದಾ ಪೇಟೆಯಲ್ಲಿ ಡಿಸೆಂಬರ್‌ಗೆ ಕೊಡಬೇಕಾದ ಜೋಳದ ಬೆಲೆ ಎಷ್ಟಿತ್ತೋ ಅದರ ಸರಾಸರಿಯೇ ಭರವಸೆಯ ಬೆಲೆ. ಅಕ್ಟೋಬರ್‌ನಲ್ಲಿ ಮತ್ತೆ ನೋಡ್ತಾರೆ. ಪ್ರೀಮಿಯಂನಲ್ಲಿ ಸರಾಸರಿ 60%ಕ್ಕಿಂತ ಹೆಚ್ಚು ಸರ್ಕಾರದ್ದು. ಪಾಲಿಸಿ ಮಾರೋದು ಮಾತ್ರ ಖಾಸಗಿ ಕಂಪನಿಗಳು, ಅವರ ಖರ್ಚಿಗೂ ಸರ್ಕಾರವೇ ಕೊಡುತ್ತೆ. 2012ರ ಬರದಲ್ಲಿ ದೇಶಾದ್ಯಂತ ಸುಮಾರು 1,700 ಕೋಟಿ ಡಾಲರ್ ಪರಿಹಾರ ಹೋಯ್ತು, ಇಲಿನಾಯ್ ಆಗ ಒಣಗಿ ನಿಂತಿತ್ತು.

ಗೌಡರು ನೋಡಿದ ಲೆಕ್ಕದಲ್ಲಿ ಒಂದು ತೂತಿದೆ. ಎಆರ್‌ಸಿ, ಪಿಎಲ್‌ಸಿ ಪಡೆದವರ ಹೆಸರು ಸಿಗುತ್ತೆ. ಬೆಳೆ ವಿಮೆಯಲ್ಲಿ ಯಾರ ಪ್ರೀಮಿಯಂಗೆ ಸರ್ಕಾರ ಎಷ್ಟು ಕೊಡ್ತು ಅನ್ನೋದು ಹೆಸರು ಹಿಡಿದು ಹೊರಗೆ ಬರಲ್ಲ. ಮೊದಲಿನದಕ್ಕೆ ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಮಿತಿ ಇತ್ತು, ವಿಮೆಗೆ ಮಿತಿಯೇ ಇಲ್ಲ.

ಮಾರ್ಕೆಟ್ ಮಂಜ · ಭಾನುವಾರ ಮಧ್ಯಾಹ್ನ 3:30

ಮಿತಿ ಅನ್ನೋದೂ ತಮಾಷೆನೇ. ಗಂಡನಿಗೊಂದು, ಹೆಂಡತಿಗೊಂದು. ಪಾರ್ಟ್‌ನರ್‌ಶಿಪ್ ಮಾಡಿದ್ರೆ ಒಬ್ಬೊಬ್ಬ ಪಾಲುದಾರನಿಗೂ ಒಂದೊಂದು. 2018ರ ಮಸೂದೆಯಲ್ಲಿ ಅಣ್ಣತಮ್ಮಂದಿರ ಮಕ್ಕಳು, ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳನ್ನೂ "ಕುಟುಂಬ" ಅಂತ ಸೇರಿಸಿದ್ರು. ನಮ್ಮ ಅವಿಭಕ್ತ ಕುಟುಂಬ ನೋಡಿ ಕಲಿತ್ರೋ ಏನೋ.

ಅಯೋವಾ ಅಜ್ಜ · ಭಾನುವಾರ ಸಂಜೆ 6:10

ನಾನು ಅಯೋವಾಕ್ಕೆ ಬಂದದ್ದು 1983ರಲ್ಲಿ, ಟ್ರ್ಯಾಕ್ಟರ್ ಕಾರ್ಖಾನೆಯ ಎಂಜಿನಿಯರ್ ಆಗಿ. ಮಂಜ, ನಿನ್ನ ಹೋಟೆಲ್ ಮುಚ್ಚಿದ್ದು ಕೇಳಿ ಬೇಜಾರಾಯಿತಪ್ಪ. ಆದರೆ ಒಂದು ಬೀದಿಯ ಎಲ್ಲ ಹೋಟೆಲೂ ಒಂದೇ ವರ್ಷ ಮುಚ್ಚಿದ್ದನ್ನು ನೀನು ನೋಡಿಲ್ಲ. ನಾನು ನೋಡಿದ್ದೇನೆ. ಎಪ್ಪತ್ತರ ದಶಕದಲ್ಲಿ ರಷ್ಯಾಕ್ಕೆ ಕಾಳು ಹೋಗುತ್ತಿತ್ತು, ಜಮೀನಿನ ಬೆಲೆ ಏರುತ್ತಿತ್ತು, ಬ್ಯಾಂಕಿನವರು ಮನೆಬಾಗಿಲಿಗೆ ಬಂದು ಸಾಲ ಕೊಟ್ಟರು. ಎಂಬತ್ತರಲ್ಲಿ ಬಡ್ಡಿ ಆಕಾಶಕ್ಕೆ, ಜಮೀನು ಪಾತಾಳಕ್ಕೆ. ಶನಿವಾರ ಶನಿವಾರ ಹರಾಜು. ನನ್ನ ಕೈಯಲ್ಲೇ ಡಿಸೈನ್ ಆದ ಟ್ರ್ಯಾಕ್ಟರು ಅಂಗಳದಲ್ಲಿ ಏಲಂ ಆಗುವಾಗ, ಒಡೆಯ ಕೊಟ್ಟಿಗೆಯಿಂದ ಹೊರಗೆ ಬರಲೇ ಇಲ್ಲ. ರೈತರು ಹೋದಮೇಲೆ ಕಿರಾಣಿ ಅಂಗಡಿ ಹೋಯಿತು, ಶಾಲೆ ಹೋಯಿತು, ನಮ್ಮ ಕಾರ್ಖಾನೆಯಲ್ಲೂ ಜನರನ್ನು ತೆಗೆದರು. 1985ರ ಸೆಪ್ಟೆಂಬರ್‌ನಲ್ಲಿ ರೈತರಿಗಾಗಿ ಗಾಯಕ ವಿಲ್ಲೀ ನೆಲ್ಸನ್ ಮತ್ತು ಗೆಳೆಯರು ಸೇರಿ ಹಾಡಿದ ಮೊದಲ ಫಾರ್ಮ್ ಏಡ್ ನಡೆದದ್ದು ಎಲ್ಲಿ ಗೊತ್ತೇ? ಸರಸಿ ಓದಿದ ಕಾಲೇಜಿನ ಸ್ಟೇಡಿಯಂನಲ್ಲೇ. ಮಳೆಯಲ್ಲಿ ನೆನೆದುಕೊಂಡು ಹಾಡಿದರು.

ಇದರ ಬೇರು ಇನ್ನೂ ಹಿಂದಿನದು. 1933ರಲ್ಲಿ ರೂಸ್‌ವೆಲ್ಟ್ ಸರ್ಕಾರ ಬೆಲೆ ಏರಿಸಲು ಹೊಲದಲ್ಲಿ ನಿಂತ ಹತ್ತಿ ಬೆಳೆಯ ಮೇಲೆ ನೇಗಿಲು ಹೊಡೆಸಿತು. ಸುಮಾರು 60 ಲಕ್ಷ ಹಂದಿಮರಿಗಳನ್ನು ಕೊಲ್ಲಿಸಿತು. ಬೆಳೆಯದೇ ಇರುವುದಕ್ಕೆ ಹಣ. ಜನ ಹಸಿದಿದ್ದ ಕಾಲದಲ್ಲಿ! ತಾತ್ಕಾಲಿಕ ಅಂತ ಶುರುವಾದದ್ದು, 90 ವರ್ಷ ದಾಟಿತು.

ಗೋವಿನಜೋಳ ಹಾವೇರಿ · ಭಾನುವಾರ ಸಂಜೆ 6:40

ಅಜ್ಜಾರ, ಆ ಒಡೆಯ ಹೊರಗ ಬರಲಿಲ್ಲ ಅಂದ್ರಲ್ಲ. ಅದು ಓದಿ ಕುಂತಬಿಟ್ಟೆ.

ಕಾಳಿನ ಲಾರಿ · ಭಾನುವಾರ ರಾತ್ರಿ 8:00

2018–19ರ ಚೀನಾ ಜೊತೆಗಿನ ಸುಂಕದ ಜಗಳದ ದುಡ್ಡಿನ ಬಗ್ಗೆ ಯಾರೂ ಹೇಳಲೇ ಇಲ್ಲ? ಚೀನಾ ಸೋಯಾ ಕೊಳ್ಳೋದು ನಿಲ್ಲಿಸ್ತು ಅಂತ ಟ್ರಂಪ್ ಸರ್ಕಾರ ಎರಡು ವರ್ಷದಲ್ಲಿ ಸುಮಾರು 2,300 ಕೋಟಿ ಡಾಲರ್ ಹಂಚಿತು. ಮೊದಲ ವರ್ಷ ಸೋಯಾಗೆ ಬುಷೆಲ್‌ಗೆ 1.65 ಡಾಲರ್, ಜೋಳಕ್ಕೆ ಒಂದು ಸೆಂಟ್! ಒಂದೇ ಒಂದು ಸೆಂಟ್. ಎರಡನೇ ವರ್ಷ ಬೆಳೆ ಬಿಟ್ಟು ಕೌಂಟಿಗೊಂದು ದರ ಮಾಡಿದ್ರು, ಎಕರೆಗೆ 15ರಿಂದ 150 ಡಾಲರ್. ರಸ್ತೆಯ ಈಚೆ ಒಂದು ಕೌಂಟಿ, ಆಚೆ ಇನ್ನೊಂದು, ಅದೇ ಮಣ್ಣು ಅದೇ ಜೋಳ, ದುಡ್ಡು ಬೇರೆ. ನಾನು ಆಗ ಕಾಳು ಸಾಗಿಸೋ ಲಾರಿ ಓಡಿಸ್ತಿದ್ದೆ, ಗೋದಾಮಿನ ಮುಂದೆ ಕ್ಯೂನಲ್ಲಿ ನಿಂತಾಗೆಲ್ಲ ಇದೇ ಮಾತು. "ಅಂಚೆಪೆಟ್ಟಿಗೆ ಬೇಸಾಯ" ಅಂತ ತಮ್ಮನ್ನ ತಾವೇ ಆಡ್ಕೋತಿದ್ರು. ನಗ್ತಿದ್ರು, ಆದ್ರೆ ಯಾರೂ ಬೇಡ ಅನ್ನಲಿಲ್ಲ.

ಮಾರ್ಕೆಟ್ ಮಂಜ · ಭಾನುವಾರ ರಾತ್ರಿ 8:20

ನೋಡಿ, ಜಗಳ ಮಾಡೋದೂ ಸರ್ಕಾರವೇ, ಗಾಯಕ್ಕೆ ಪಟ್ಟಿ ಕಟ್ಟೋದೂ ಸರ್ಕಾರವೇ. ಬಿಲ್ಲು ನನಗೆ. ಸರಸಿ ಅವರೇ, ತರಕಾರಿ ಬೆಳೆಯೋನಿಗೆ ಏನು ಸಿಗುತ್ತೆ?

ಲೆಕ್ಕದ ಸರಸಿ · ಭಾನುವಾರ ರಾತ್ರಿ 9:15

ಎಆರ್‌ಸಿ, ಪಿಎಲ್‌ಸಿಯಲ್ಲಿ ತರಕಾರಿಗೆ ಸೊನ್ನೆ. ಜೋಳ, ಸೋಯಾ, ಗೋಧಿ, ಹತ್ತಿ, ಭತ್ತ, ಶೇಂಗಾ ಇಂಥವಕ್ಕೆ ಮಾತ್ರ. ಮೆಕ್‌ಲೀನ್‌ಗೆ ತಾಗಿಕೊಂಡೇ ಟೇಜ್‌ವೆಲ್ ಕೌಂಟಿ ಇದೆ, ಅಲ್ಲಿನ ಮಾರ್ಟನ್ ಊರಿನ ಸುತ್ತ ಡಬ್ಬಿಗೆ ಹೋಗೋ ಸಿಹಿಗುಂಬಳ ಬೆಳೀತಾರೆ. ಬೇಸ್ ಎಕರೆಯ 15% ಮೀರಿ ಗುಂಬಳ ಹಾಕಿದ್ರೆ ಜೋಳದ ದುಡ್ಡಲ್ಲಿ ಅಷ್ಟು ಕಡಿತ. "ಬೇರೆ ಬೆಳೆ ಹಾಕಿ" ಅಂತ ಪೇಟೆಯವರು ಉಪದೇಶ ಮಾಡ್ತಾರಲ್ಲ, ನಿಯಮ ಹೇಳೋದು ಬೇರೆಯದೇ.

ಮೈಸೂರು ಪಾಕು · ಭಾನುವಾರ ರಾತ್ರಿ 10:05

ಹಂಚೋರು ಯಾರು ಅನ್ನೋದನ್ನೂ ಕೇಳಿ. ಕೌಂಟಿಗೊಂದು ಕೃಷಿ ಇಲಾಖೆಯ ಎಫ್‌ಎಸ್‌ಎ ಕಚೇರಿ, ಅದರ ಮೇಲೆ ರೈತರೇ ಓಟು ಹಾಕಿ ಆರಿಸಿದ ಸಮಿತಿ. ಕೇಳೋಕೆ ಚೆಂದ. ಆದ್ರೆ ದಕ್ಷಿಣದ ರಾಜ್ಯಗಳಲ್ಲಿ ಅಂಥ ಬಿಳಿಯರ ಸಮಿತಿಗಳು ಕಪ್ಪು ರೈತರ ಸಾಲದ ಅರ್ಜಿಯನ್ನ ಬಿತ್ತನೆ ಮುಗಿಯೋವರೆಗೂ ಮೇಜಿನ ಮೇಲೇ ಇಟ್ಟು ಕೊಲ್ತಿದ್ವು. ಅದರ ಮೇಲೆ ನಡೆದ ಪಿಗ್‌ಫೋರ್ಡ್ ಮೊಕದ್ದಮೆ 1999ರಲ್ಲಿ ರಾಜಿಯಾಗಿ ಸರ್ಕಾರ ಪರಿಹಾರ ಕಟ್ಟಬೇಕಾಯ್ತು. ನಮ್ಮೂರ ಸೊಸೈಟಿ ಎಲೆಕ್ಷನ್ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ.

ನಾರ್ಮಲ್ ಗೌಡ · ಗುರುವಾರ ರಾತ್ರಿ 10:30

ಮತ್ತೆ ಬಂದೆ. ನಿನ್ನೆ ಅವನ ಮನೆಗೆ ಚಕ್ಕಲಿ ಡಬ್ಬಿ ತಗೊಂಡು ಹೋದೆ, "ಅವತ್ತು ಹಂಗೆ ಕೇಳಬಾರದಿತ್ತು" ಅಂದೆ. ಚಕ್ಕಲಿ ಕೆಲಸ ಮಾಡ್ತು. ಅಡುಗೆಮನೆ ಮೇಜಿನ ಮೇಲೆ ಕಾಗದ ಹರಡಿ ಎರಡು ಗಂಟೆ ಮಾತಾಡಿದ.

1,800 ಎಕರೆಯಲ್ಲಿ ಅವನ ಸ್ವಂತದ್ದು ಬರೀ 300. ಉಳಿದ 1,500 ಒಂಬತ್ತು ಜನರ ಹತ್ರ ಗುತ್ತಿಗೆ. ಅದರಲ್ಲಿ ಒಬ್ಬರು ಅರಿಜೋನಾದಲ್ಲಿದ್ದಾರೆ, ಅಜ್ಜಿ ಬಿಟ್ಟುಹೋದ ಜಮೀನು, ಹೊಲಕ್ಕೆ ಕಾಲಿಟ್ಟು ಹನ್ನೊಂದು ವರ್ಷ ಆಯ್ತಂತೆ. ಎಕರೆಗೆ 300 ಡಾಲರ್ ಆಸುಪಾಸು ಗುತ್ತಿಗೆ, ನಗದು. ನಗದು ಗುತ್ತಿಗೆಯಲ್ಲಿ ಸಬ್ಸಿಡಿ ಪೂರ್ತಿ ಉಳೋನ ಹೆಸರಿಗೇ ಬರುತ್ತೆ. ಅದಕ್ಕೇ ಅಲ್ಲಿ ಅವನ ಹೆಸರು ದೊಡ್ಡದಾಗಿ ಕಾಣೋದು. "ಅರಿಜೋನಾದವರ ಹೆಸರು ಅಲ್ಲಿ ಇಲ್ಲ. ಆದ್ರೆ ಇದನ್ನ ನನಗಿಂತ ಮೊದಲು ಓದೋರು ಅವರೇ" ಅಂದ. ದುಡ್ಡು ಬಂದ ವರ್ಷ, ಜಮೀನು ನೋಡ್ಕೊಳ್ಳೋ ಏಜೆಂಟರ ಕಾಗದ ಬಂತಂತೆ: ಮುಂದಿನ ಸಾಲಿಗೆ ಎಕರೆಗೆ 20 ಡಾಲರ್ ಹೆಚ್ಚು. ಬೇಡ ಅಂದ್ರೆ ಪಕ್ಕದ 5,000 ಎಕರೆಯವನು ಕಾಯ್ತಾ ಕೂತಿದ್ದಾನೆ.

ಗೋವಿನಜೋಳ ಹಾವೇರಿ · ಶುಕ್ರವಾರ ಬೆಳಿಗ್ಗೆ 6:50

ನಮ್ಮಲ್ಲಿ ಇನ್ನೂ ನೆಟ್ಟಗ ಐತ್ರಿ. ನಾನು ಮಾಡೋ 7 ಎಕರೆದಾಗ 4 ಎಕರೆ ಲಾವಣಿ, ಅಂದ್ರ ಗುತ್ತಿಗೆ. ಹೊಲದ ಸಾಹುಕಾರ್ರು ಹುಬ್ಬಳ್ಳಿಯೊಳಗ. ಪಿಎಂ ಕಿಸಾನ್ 6,000 ರೂಪಾಯಿ ಪಹಣಿ ಇದ್ದವರಿಗೆ, ಅಂದ್ರ ಅವರಿಗೆ. ಬರ ಪರಿಹಾರ ಬಂದ್ರೂ ಅವರ ಖಾತೆಕ್ಕ. ಲಾವಣಿ ಕಾಗದ ಮಾಡ್ರಿ ಅಂದ್ರ ಮಾಡೂದಿಲ್ಲ. 1974ರ ಭೂಸುಧಾರಣೆಯೊಳಗ ಉಳುವವನಿಗೇ ಹೊಲ ಆತಲ್ಲ, ಆ ಹೆದರಿಕಿ ಐವತ್ತು ವರ್ಷ ಆದ್ರೂ ಹೋಗಿಲ್ಲ. ನಿಮ್ಮ ಗೆಳೆಯಾನ ಹೆಸರರ ಎಲ್ಯರ ಕಾಣ್ತದ. ನನ್ನ ಹೆಸರು ಯಾವ ಕಾಗದದಾಗೂ ಇಲ್ಲ. 2025–26ರ ಬೆಂಬಲ ಬೆಲೆ 2,400 ಅಂತ ಬರದಿದ್ರು, ಪ್ಯಾಟ್ಯಾಗ 1,700ಕ್ಕ ಕೇಳಿದ್ರು. ಆ ವ್ಯತ್ಯಾಸ ಯಾರು ಕೊಡ್ತಾರ?

ಲೆಕ್ಕದ ಸರಸಿ · ಶುಕ್ರವಾರ ಬೆಳಿಗ್ಗೆ 9:00

ಗೌಡರೇ, ನಿಮ್ಮ ಸ್ನೇಹಿತನ ಮಾತು ಅರ್ಧ ನಿಜ. ಸಬ್ಸಿಡಿ ಎಲ್ಲಾ ಗುತ್ತಿಗೆಯಲ್ಲಿ ಹೋಗುತ್ತೆ ಅಂತ ನಮ್ಮ ಹಳೇ ಪಠ್ಯಗಳೂ ಹೇಳ್ತಿದ್ವು. ಬ್ಯಾರೆಟ್ ಕಿರ್ವನ್ ಅನ್ನೋ ಅರ್ಥಶಾಸ್ತ್ರಜ್ಞರು 2009ರಲ್ಲಿ ಲೆಕ್ಕ ಹಾಕಿ ತೋರಿಸಿದ್ದು, ಒಂದು ಡಾಲರ್ ಸಬ್ಸಿಡಿಯಲ್ಲಿ ಜಮೀನಿನ ಒಡೆಯನಿಗೆ ಹೋಗೋದು ಸುಮಾರು 25 ಸೆಂಟ್ ಅಂತ. ಅದು ಹಳೇ ಯೋಜನೆಗಳ ಕಾಲದ ಲೆಕ್ಕ, ಆದ್ರೂ ಮುಕ್ಕಾಲು ಪಾಲು ಉಳೋನ ಹತ್ರ ಉಳೀತು ಅಂತಾಯ್ತು. ಆದ್ರೆ ಗುತ್ತಿಗೆ ಒಂದು ಸಲ ಏರಿದ್ರೆ ಬೇಗ ಇಳಿಯಲ್ಲ, ಅದಕ್ಕೇ ಅವನಿಗೆ ಪೂರ್ತಿ ಹೋದಂಗೆ ಅನ್ಸೋದು.

ಈಗ ಇನ್ನೂ ಏರುತ್ತೆ ಅನ್ನೋದು ನನ್ನ ಅಂದಾಜು. 2025ರ ಜುಲೈ 4ಕ್ಕೆ ಟ್ರಂಪ್ ಸಹಿ ಹಾಕಿದ ಕಾಯಿದೆಯಲ್ಲಿ ಜೋಳದ ಆಧಾರ ಬೆಲೆ 4.10, ಸೋಯಾದ್ದು 10 ಡಾಲರ್. ಎಆರ್‌ಸಿ ಭರವಸೆ 90%, ಗರಿಷ್ಠ ಪಾವತಿ 12%. ನಾನು ಮೊದಲು ಹಾಕಿದ ಲೆಕ್ಕವನ್ನೇ ಹೊಸ ನಿಯಮದಲ್ಲಿ ಹಾಕಿ, 62 ಇದ್ದದ್ದು ಎಕರೆಗೆ 94 ಡಾಲರ್ ಆಗುತ್ತೆ. ಒಬ್ಬರ ಮಿತಿ 1,55,000. ಏಜೆಂಟರಿಗೂ ಲೆಕ್ಕ ಬರುತ್ತೆ.

ಮಾರ್ಕೆಟ್ ಮಂಜ · ಶುಕ್ರವಾರ ಬೆಳಿಗ್ಗೆ 9:40

ಅಂದ್ರೆ ನನ್ನ ತೆರಿಗೆ ಅರಿಜೋನಾದ ಈಜುಕೊಳಕ್ಕೆ. ನಾನು ಮೊದಲೇ ಹೇಳಿದ್ದೆ.

ಅಯೋವಾ ಅಜ್ಜ · ಶುಕ್ರವಾರ ಮಧ್ಯಾಹ್ನ 12:15

ಡಾಲರಿಗೆ 25 ಸೆಂಟು ಮಾತ್ರ ಕಣಪ್ಪ, ಸರಸಿ ಈಗ ತಾನೇ ಹೇಳಿದಳು. ಈಜುಕೊಳದ ಒಂದು ಮೂಲೆ.

ಗೋವಿನಜೋಳ ಹಾವೇರಿ · ಭಾನುವಾರ ಸಂಜೆ 5:30

ಒಂದು ಅನಾಹುತ ಆತ್ರಿ. ನಮ್ಮ ಸಾಹುಕಾರ್ರು ಊರಿಗೆ ಬಂದಿದ್ರು. ಅಮೆರಿಕಾದಾಗ ಲಾವಣಿ ಮಾಡಾವನ ಹೆಸರಿಗೆ ಸರ್ಕಾರದ ರೊಕ್ಕಾ ಬರ್ತೈತಿ, ನೀವೂ ನನ್ನ ಹೆಸರಿಗೆ ಕಾಗದ ಮಾಡ್ರಿ ಅಂತ ತಿಳಿಸಿ ಹೇಳ್ಬೇಕಂತ ಕುಂತೆ. ಎಲ್ಲಾ ಕೇಳಿದ್ರು, ಚಾ ಕುಡುದ್ರು. ಅಲ್ಲೆ ಲಾವಣಿ ಎಷ್ಟು ಐತಂದಿ ಅಂದ್ರು. ಎಕರೆಕ್ಕ 300 ಡಾಲರ್, ಅಂದ್ರ 25 ಸಾವಿರ ರೂಪಾಯಿ ಮ್ಯಾಲೆ ಅಂದೆ. "ಹಂಗಾರ ನಾವು ಬಾಳ ಕಡಿಮಿ ತೊಗೊಳಾಕತ್ತೇವಲ್ಲ" ಅಂದು ಎದ್ದು ಹೋದ್ರು.

ಗೌಡ್ರ, ಆ ಚಕ್ಕಲಿ ಡಬ್ಬಿ ಒಂದು ಈ ಕಡೆ ಕಳಸ್ರಿ.